ಪೋಸ್ಟ್‌ಗ್ರೆಸ್ ಫಂಕ್ಷನ್ ಕೈಕೊಟ್ಟರೆ ಯಾವುದನ್ನು ಹಿಡಿಯಬೇಕು: ನೋಟಿಸ್ಸಾ, ಚೆಕ್ಕಾ, ಡಿಬಗರ್ರಾ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬರೆದ ಫಂಕ್ಷನ್ ತಪ್ಪು ಲೆಕ್ಕ ಕೊಟ್ಟಾಗ ಹೆಚ್ಚಿನವರು ಮೊದಲು ಹುಡುಕುವುದು ಡಿಬಗರ್. ಜಾವಾದಲ್ಲೋ ಪೈಥಾನ್‌ನಲ್ಲೋ ಕೆಲಸ ಮಾಡಿದವರಿಗೆ ಅದೇ ರೂಢಿ. ಸಾಲಿನ ಪಕ್ಕ ಕೆಂಪು ಚುಕ್ಕೆ ಇಡು, ಓಡಿಸು, ನಿಂತ ಕಡೆ ನೋಡು. ಪೋಸ್ಟ್‌ಗ್ರೆಸ್‌ನಲ್ಲೂ ಇದು ಸಾಧ್ಯ. ಆದರೆ ಇಲ್ಲಿ ಕೋಡ್ ಓಡುವುದು ನಿಮ್ಮ ಎಡಿಟರ್ ಒಳಗಲ್ಲ, ಸರ್ವರ್ ಒಳಗೆ. ಹಾಗಾಗಿ ಡಿಬಗರ್ ಕೂರಿಸಬೇಕಾದದ್ದೂ ಸರ್ವರ್‌ನಲ್ಲೇ. ಅಲ್ಲಿ ನಿಮಗೆ ಅಧಿಕಾರ ಇದೆಯಾ, ರೀಸ್ಟಾರ್ಟ್ ಮಾಡಲು ಬಿಡುತ್ತಾರಾ, ಆ ಸರ್ವರ್ ನಿಮ್ಮೊಬ್ಬರದ್ದಾ ಅಥವಾ ಇಡೀ ಟೀಮಿನದ್ದಾ? ಅರ್ಧ ತೀರ್ಮಾನ ಅಲ್ಲೇ ಆಗಿಬಿಡುತ್ತದೆ.

ಪಿಎಲ್/ಪಿಜಿಎಸ್‌ಕ್ಯೂಎಲ್ ಎಂಬ ಪೋಸ್ಟ್‌ಗ್ರೆಸ್‌ನದೇ ಭಾಷೆಯಲ್ಲಿ ಬರೆದ ಫಂಕ್ಷನ್‌ಗೆ ಮುಖ್ಯವಾಗಿ ಮೂರು ದಾರಿಗಳಿವೆ. ಒಂದು, ಕೋಡ್ ಒಳಗೇ ರೈಸ್ (ಸಂದೇಶ ಕಳಿಸುವ ಸಾಲು, ನೋಟಿಸ್ ಅದರ ಒಂದು ಬಗೆ) ಬರೆದು ಮೌಲ್ಯಗಳನ್ನು ಹೊರಗೆ ಕಾಣಿಸುವುದು. ಎರಡು, ಪಿಎಲ್‌ಪಿಜಿಎಸ್‌ಕ್ಯೂಎಲ್_ಚೆಕ್ ಎಂಬ ಎಕ್ಸ್‌ಟೆನ್ಷನ್ (ಡೇಟಾಬೇಸ್‌ಗೆ ಸೇರಿಸುವ ಹೆಚ್ಚುವರಿ ಭಾಗ) ಹಾಕಿ, ಫಂಕ್ಷನ್ ಓಡಿಸದೆಯೇ ತಪ್ಪು ಹುಡುಕುವುದು. ಮೂರು, ಪಿಎಲ್‌ಡಿಬಗರ್ ಕೂರಿಸಿ ಪಿಜಿಅಡ್ಮಿನ್‌ನಿಂದಲೋ ಡಿಬೀವರ್‌ನಿಂದಲೋ (ಎರಡೂ ಡೇಟಾಬೇಸ್ ನೋಡುವ ಟೂಲ್‌ಗಳು) ಸಾಲು ಸಾಲಾಗಿ ನಡೆಸುವುದು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಚೆಕ್ ಎಲ್ಲರಿಗೂ ಬೇಕು. ರೈಸ್ ದಿನಾ ಬೇಕು. ಡಿಬಗರ್ ಕೆಲವರಿಗೆ, ಕೆಲವು ಸಲ ಮಾತ್ರ ಬೇಕು. ಆದರೆ ಅದು ಬೇಕಾದ ಆ ಕೆಲವು ಸಲ ಬೇರೆ ಯಾವುದೂ ಅದರಷ್ಟು ಕೆಲಸಕ್ಕೆ ಬರುವುದಿಲ್ಲ.

ಒಂದೇ ಬಗ್, ಮೂರು ಕಣ್ಣು

ಒಂದು ಬಿಲ್ ಲೆಕ್ಕದ ಫಂಕ್ಷನ್ ಇದೆ ಅಂದುಕೊಳ್ಳಿ. ಗ್ರಾಹಕರ ಐಡಿ ಕೊಟ್ಟರೆ ಅವರ ವರ್ಗ ನೋಡುತ್ತದೆ. ದರಪಟ್ಟಿಯಿಂದ ಆ ವರ್ಗದ ದರ ತೆಗೆದುಕೊಳ್ಳುತ್ತದೆ. ಆಮೇಲೆ ಲೂಪ್‌ನಲ್ಲಿ ಒಂದೊಂದು ಮೀಟರ್ ರೀಡಿಂಗ್‌ಗೂ ಯೂನಿಟ್ ಗುಣಿಸು ದರ, ಮೊತ್ತಕ್ಕೆ ಕೂಡಿಸು. ಕೊನೆಗೆ ಬಿಲ್ ಟೇಬಲ್‌ನಲ್ಲಿ ಮೊತ್ತವನ್ನು ಅಪ್‌ಡೇಟ್ ಮಾಡು. ಇಷ್ಟೇ. ಒಂದು ದಿನ ಕೆಲವರ ಬಿಲ್ ಖಾಲಿ ಬರುತ್ತದೆ. ಸೊನ್ನೆಯೂ ಅಲ್ಲ, ಖಾಲಿ. ಎರರ್ ಎಲ್ಲೂ ಇಲ್ಲ.

ಆಗಿದ್ದು ಇಷ್ಟು. ಯಾರೋ ಹೊಸ ವರ್ಗವೊಂದನ್ನು ಸೇರಿಸಿದ್ದಾರೆ, ಅದಕ್ಕೆ ದರಪಟ್ಟಿಯಲ್ಲಿ ಸಾಲು ಹಾಕಿಲ್ಲ. ಪಿಎಲ್/ಪಿಜಿಎಸ್‌ಕ್ಯೂಎಲ್‌ನಲ್ಲಿ ಕ್ವೆರಿಯ ಫಲವನ್ನು ವೇರಿಯಬಲ್‌ಗೆ ತುಂಬುವ ಸೆಲೆಕ್ಟ್ ಇಂಟುಗೆ ಸಾಲೇ ಸಿಗದಿದ್ದರೆ ಅದು ಗಲಾಟೆ ಮಾಡುವುದಿಲ್ಲ. ವೇರಿಯಬಲ್‌ಗೆ ಸುಮ್ನೆ ನಲ್ (ಬೆಲೆಯೇ ಇಲ್ಲ ಅನ್ನುವ ಗುರುತು) ತುಂಬಿ ಮುಂದೆ ಹೋಗುತ್ತದೆ. ನಲ್‌ನಿಂದ ಗುಣಿಸಿದರೆ ನಲ್, ನಲ್ ಕೂಡಿಸಿದರೆ ನಲ್. ಒಂದು ಕಡೆ ಹೊಕ್ಕ ನಲ್ ಕೊನೆಯ ಮೊತ್ತವನ್ನೂ ನುಂಗುತ್ತದೆ. ಇನ್ನೊಂದು ಬದಿಯ ಅಪಾಯವೂ ಇದೆ. ಎರಡು ಸಾಲು ಸಿಕ್ಕರೆ ಮೊದಲು ಬಂದದ್ದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಡುತ್ತದೆ. ಯಾವುದು ಮೊದಲು ಬರುತ್ತದೆ ಅನ್ನುವುದಕ್ಕೆ ಆರ್ಡರ್ ಬೈ ಇಲ್ಲದಿದ್ದರೆ ಗ್ಯಾರಂಟಿ ಇಲ್ಲ.

ಇಂಥ ಬಗ್ ಮುಂದೆ ಮೂರು ದಾರಿಗಳೂ ಬೇರೆ ಬೇರೆ ತರ ನಡೆದುಕೊಳ್ಳುತ್ತವೆ. ಚೆಕ್ ಇದನ್ನು ಹಿಡಿಯುವುದಿಲ್ಲ, ಯಾಕಂದ್ರೆ ಕೋಡ್ ಸರಿಯಾಗಿದೆ, ಡೇಟಾ ಕಡಿಮೆ ಇದೆ. ಇಂಟು ಆದ ಮೇಲೆ ಒಂದು ರೈಸ್ ನೋಟಿಸ್ ಹಾಕಿದರೆ, ದರದ ಜಾಗದಲ್ಲಿ ಕೋನದ ಆವರಣದೊಳಗೆ ನಲ್ ಎಂದು ಕಾಣುತ್ತದೆ. ಆದರೆ ಅಲ್ಲೇ ಹಾಕಬೇಕು ಅಂತ ನಿಮಗೆ ಹೊಳೆದಿರಬೇಕು. ಡಿಬಗರ್‌ನಲ್ಲಿ ಒಂದೊಂದೇ ಸಾಲು ದಾಟುತ್ತಾ ಹೋದರೆ ಲೋಕಲ್ ವೇರಿಯಬಲ್ ಪಟ್ಟಿಯಲ್ಲಿ ದರ ನಲ್ ಆದ ಕ್ಷಣವೇ ಕಣ್ಣಿಗೆ ಬೀಳುತ್ತದೆ, ಮೊದಲೇ ಏನೂ ಊಹಿಸಬೇಕಿಲ್ಲ. ವ್ಯತ್ಯಾಸ ಇರುವುದೇ ಇಲ್ಲಿ. ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ರೈಸ್ ಸಾಕು. ಗೊತ್ತಿಲ್ಲದಿದ್ದರೆ ಡಿಬಗರ್.

ಅಂದಹಾಗೆ ಈ ಬಗ್‌ಗೆ ಸರಿಯಾದ ಮದ್ದು ಮೂರೂ ಅಲ್ಲ. ಇಂಟು ಆದ ಮೇಲೆ ಸ್ಟ್ರಿಕ್ಟ್ ಅಂತ ಒಂದು ಪದ ಬರೆದರೆ ಮುಗಿಯಿತು. ಸಾಲು ಸಿಗದಿದ್ದರೂ ಎರರ್, ಒಂದಕ್ಕಿಂತ ಜಾಸ್ತಿ ಸಿಕ್ಕರೂ ಎರರ್. ಸಾಲು ಸಿಗದೆ ಇರುವುದು ನಿಜಕ್ಕೂ ಸಹಜವಾದ ಕಡೆ ಮಾತ್ರ ಅದನ್ನು ಬಿಡಿ.

ಪಿಎಲ್‌ಪಿಜಿಎಸ್‌ಕ್ಯೂಎಲ್_ಚೆಕ್: ಕಡಿಮೆ ಖರ್ಚು, ಜಾಸ್ತಿ ಲಾಭ

ಇದು ಯಾಕೆ ಬೇಕು ಅಂತ ತಿಳಿಯಲು ಒಂದು ವಿಷಯ ಗೊತ್ತಿರಬೇಕು. ಕ್ರಿಯೇಟ್ ಫಂಕ್ಷನ್ ಓಡಿಸಿದಾಗ ಪೋಸ್ಟ್‌ಗ್ರೆಸ್ ವ್ಯಾಕರಣ ಮಾತ್ರ ನೋಡುತ್ತದೆ. ಒಳಗಿನ ಕ್ವೆರಿಯಲ್ಲಿ ಬರೆದ ಟೇಬಲ್ ಇದೆಯಾ, ಕಾಲಂ ಹೆಸರು ಸರಿ ಇದೆಯಾ ಅಂತ ನೋಡುವುದಿಲ್ಲ. ಆ ಸಾಲು ನಿಜವಾಗಿ ಓಡಿದಾಗಲೇ ಅದು ಗೊತ್ತಾಗುವುದು. ಇಫ್‌ನ ಎಲ್ಸ್ ಭಾಗದಲ್ಲಿ ಕಾಲಂ ಹೆಸರು ತಪ್ಪಾಗಿದ್ದರೆ, ಆ ಎಲ್ಸ್ ಆರು ತಿಂಗಳು ಓಡದಿದ್ದರೆ, ಆರು ತಿಂಗಳು ಎಲ್ಲರೂ ಆರಾಮಾಗಿ ಇರುತ್ತಾರೆ. ಯಾವುದೋ ವರ್ಷಾಂತ್ಯದ ರಾತ್ರಿ ಅದು ಓಡುತ್ತದೆ.

ಚೆಕ್ ಎಕ್ಸ್‌ಟೆನ್ಷನ್ ಫಂಕ್ಷನ್‌ನ ಒಳಗಿನ ಎಲ್ಲ ದಾರಿಗಳನ್ನೂ ಓಡಿಸದೆಯೇ ನೋಡುತ್ತದೆ. ಪಿಎಲ್‌ಪಿಜಿಎಸ್‌ಕ್ಯೂಎಲ್_ಚೆಕ್_ಫಂಕ್ಷನ್ ಅನ್ನುವುದನ್ನು ಕರೆದು, ಅದಕ್ಕೆ ನಿಮ್ಮ ಫಂಕ್ಷನ್ ಹೆಸರನ್ನೂ ಆರ್ಗ್ಯುಮೆಂಟ್ ಟೈಪ್‌ಗಳನ್ನೂ ಕೊಟ್ಟರೆ ಸಾಕು. ಇಲ್ಲದ ಕಾಲಂ, ಬಳಸದೆ ಬಿಟ್ಟ ವೇರಿಯಬಲ್, ಬೆಲೆ ತುಂಬಿ ಓದದೆ ಬಿಟ್ಟ ವೇರಿಯಬಲ್, ಟೈಪ್ ಹೊಂದದ ಜಾಗ ಎಲ್ಲ ಸಾಲು ಸಂಖ್ಯೆಯ ಸಮೇತ ಬರುತ್ತವೆ. ಪರ್ಫಾರ್ಮೆನ್ಸ್_ವಾರ್ನಿಂಗ್ಸ್ ಅನ್ನು ಟ್ರೂ ಮಾಡಿದರೆ, ಟೈಪ್ ತಾನೇ ಬದಲಾಗಿ ಇಂಡೆಕ್ಸ್ ಬಳಕೆ ತಪ್ಪುವಂಥ ಜಾಗಗಳನ್ನೂ ತೋರಿಸುತ್ತದೆ. ಸೆಕ್ಯುರಿಟಿ_ವಾರ್ನಿಂಗ್ಸ್ ಹಾಕಿದರೆ, ಸ್ಟ್ರಿಂಗ್ ಜೋಡಿಸಿ ಎಕ್ಸಿಕ್ಯೂಟ್ ಮಾಡುವ ಕಡೆ ಇಂಜೆಕ್ಷನ್ ಅಪಾಯ ಇದ್ದರೆ ಹೇಳುತ್ತದೆ. ಟ್ರಿಗರ್ ಫಂಕ್ಷನ್ (ಟೇಬಲ್‌ನಲ್ಲಿ ಬದಲಾವಣೆ ಆದಾಗ ತಾನೇ ಓಡುವುದು) ಆದರೆ ಯಾವ ಟೇಬಲ್‌ಗೆ ಕಟ್ಟಿದ ಟ್ರಿಗರ್ ಅಂತಲೂ ಹೇಳಬೇಕು. ಇಲ್ಲದಿದ್ದರೆ ನ್ಯೂ, ಓಲ್ಡ್ (ಬದಲಾದ ಸಾಲಿನ ಹೊಸ, ಹಳೆಯ ರೂಪ) ಒಳಗೆ ಯಾವ ಕಾಲಂಗಳಿವೆ ಅಂತ ಅದಕ್ಕೆ ತಿಳಿಯುವುದು ಹೇಗೆ?

ಕೂರಿಸುವುದೂ ಸುಲಭ. ಡೆಬಿಯನ್, ಉಬುಂಟುವಿನಲ್ಲಿ ಪೋಸ್ಟ್‌ಗ್ರೆಸ್‌ನವರದೇ ಆಪ್ಟ್ ಭಂಡಾರದಲ್ಲಿ ಪ್ಯಾಕೇಜ್ ಇದೆ, ಹೆಸರಿನ ನಡುವೆ ನಿಮ್ಮ ಸರ್ವರ್ ವರ್ಷನ್ ನಂಬರ್ ಇರುತ್ತದೆ. ಆಮೇಲೆ ಬೇಕಾದ ಡೇಟಾಬೇಸ್‌ನಲ್ಲಿ ಕ್ರಿಯೇಟ್ ಎಕ್ಸ್‌ಟೆನ್ಷನ್. ಹೀಗೆ ಕರೆದು ನೋಡುವುದಕ್ಕೆ ರೀಸ್ಟಾರ್ಟ್ ಬೇಡ. ಇದೊಂದೇ ಕಾರಣಕ್ಕೆ ಡಿಬಗರ್‌ಗಿಂತ ಮೊದಲು ಇದನ್ನು ಕೇಳಿ ಹಾಕಿಸಿಕೊಳ್ಳಿ, ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಕೂಡ ಬೇಗ ಒಪ್ಪುತ್ತಾರೆ. ಪಿಜಿ_ಪ್ರೊಕ್ ಕ್ಯಾಟಲಾಗ್‌ನಿಂದ ಎಲ್ಲ ಪಿಎಲ್/ಪಿಜಿಎಸ್‌ಕ್ಯೂಎಲ್ ಫಂಕ್ಷನ್‌ಗಳನ್ನೂ ತೆಗೆದು ಒಂದೇ ಕ್ವೆರಿಯಲ್ಲಿ ಇದಕ್ಕೆ ಕೊಡಬಹುದು. ಅದನ್ನು ಸಿಐಗೆ (ಕೋಡ್ ಬದಲಾದಾಗಲೆಲ್ಲ ತಾನೇ ನಡೆಯುವ ಪರೀಕ್ಷೆಗೆ) ಸೇರಿಸಿದರೆ, ಯಾರೋ ಕಾಲಂ ಹೆಸರು ಬದಲಿಸಿದ ದಿನವೇ ಯಾವ ಫಂಕ್ಷನ್‌ಗಳು ಮುರಿದವು ಅಂತ ತಿಳಿಯುತ್ತದೆ.

ಮಿತಿಗಳಿವೆ. ಓಡುವಾಗ ಕಟ್ಟುವ ಡೈನಾಮಿಕ್ ಕ್ವೆರಿಯ ಒಳಗನ್ನು ಇದು ಪೂರ್ತಿ ನೋಡಲಾರದು. ಫಂಕ್ಷನ್ ಒಳಗೇ ಟೆಂಪ್ ಟೇಬಲ್ ಮಾಡಿ ಅದನ್ನೇ ಓದಿದರೆ, ಅಂಥ ಟೇಬಲ್ ಇಲ್ಲ ಎಂದು ದೂರುತ್ತದೆ. ಮೊದಲು ಅದೇ ಸೆಷನ್‌ನಲ್ಲಿ ಆ ಟೆಂಪ್ ಟೇಬಲ್ ಮಾಡಿಕೊಂಡು ಆಮೇಲೆ ಚೆಕ್ ಓಡಿಸಬೇಕು.

ರೈಸ್: ಹಳೆಯದು, ಆದರೆ ಹೆಚ್ಚಿನವರು ಅರ್ಧವೇ ಬಳಸುವುದು

ರೈಸ್ ನೋಟಿಸ್ ಎಲ್ಲರಿಗೂ ಗೊತ್ತು. ಆದರೆ ಅದರ ಮಟ್ಟಗಳನ್ನು ಸರಿಯಾಗಿ ಬಳಸುವವರು ಕಡಿಮೆ. ಡಿಬಗ್, ಲಾಗ್, ಇನ್ಫೋ, ನೋಟಿಸ್, ವಾರ್ನಿಂಗ್, ಎಕ್ಸೆಪ್ಷನ್ ಎಂದು ಆರು ಇವೆ. ಕೊನೆಯದು ಮಾತ್ರ ಟ್ರಾನ್ಸಾಕ್ಷನ್ (ಒಟ್ಟಿಗೇ ಉಳಿಯುವ ಅಥವಾ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಗುಂಪು) ಮುರಿಯುತ್ತದೆ, ಉಳಿದವು ಬರೀ ಸಂದೇಶ. ಸಂದೇಶ ಎಲ್ಲಿಗೆ ಹೋಗುತ್ತದೆ ಅನ್ನುವುದು ಎರಡು ಸೆಟ್ಟಿಂಗ್‌ಗಳ ಮೇಲೆ ನಿಂತಿದೆ. ಕ್ಲೈಂಟ್_ಮಿನ್_ಮೆಸೇಜಸ್ ಸಾಮಾನ್ಯವಾಗಿ ನೋಟಿಸ್, ಲಾಗ್_ಮಿನ್_ಮೆಸೇಜಸ್ ಸಾಮಾನ್ಯವಾಗಿ ವಾರ್ನಿಂಗ್. ಅಂದರೆ ನೋಟಿಸ್ ನಿಮ್ಮ ಪರದೆಗೆ ಬರುತ್ತದೆ, ಸರ್ವರ್ ಲಾಗ್‌ಗೆ ಹೋಗುವುದಿಲ್ಲ. "ನೋಟಿಸ್ ಹಾಕಿದೀನಿ, ಲಾಗ್‌ನಲ್ಲಿ ಕಾಣ್ತಾ ಇಲ್ಲ" ಅನ್ನುವ ಗೋಳಿಗೆ ಕಾರಣ ಇದೇ. ಆಪ್ ಕರೆಯುವ ಫಂಕ್ಷನ್ ಆದರೆ ರೈಸ್ ಲಾಗ್ ಬಳಸಿ. ಅದು ಸರ್ವರ್ ಲಾಗ್‌ಗೆ ಬೀಳುತ್ತದೆ, ಆಪ್‌ನವರಿಗೆ ಕಿರಿಕಿರಿ ಇಲ್ಲ.

ನನಗೆ ಹಿಡಿಸಿದ ಪದ್ಧತಿ ಬೇರೆ. ಮುಖ್ಯ ತಿರುವುಗಳಲ್ಲಿ ರೈಸ್ ಡಿಬಗ್ ಬರೆದು ಹಾಗೇ ಬಿಟ್ಟುಬಿಡುವುದು. ಸಾಮಾನ್ಯ ದಿನ ಅದು ಯಾರಿಗೂ ಕಾಣುವುದಿಲ್ಲ. ಬಗ್ ಬಂದ ದಿನ ನಿಮ್ಮ ಸೆಷನ್‌ನಲ್ಲಿ ಮಾತ್ರ ಕ್ಲೈಂಟ್_ಮಿನ್_ಮೆಸೇಜಸ್ ಅನ್ನು ಡಿಬಗ್1ಕ್ಕೆ ಇಳಿಸಿದರೆ ಎಲ್ಲ ಕಾಣುತ್ತದೆ. ಫಂಕ್ಷನ್ ಮುಟ್ಟಬೇಕಿಲ್ಲ. ಹಾಕಿ, ತೆಗೆದು, ಮತ್ತೆ ಹಾಕಿ ಕೊನೆಗೆ ಒಂದು ನೋಟಿಸ್ ಪ್ರೊಡಕ್ಷನ್‌ಗೆ ಹೋಗುವ ಕಥೆಯೂ ತಪ್ಪುತ್ತದೆ.

ಎಷ್ಟೋ ಜನ ಸಂದೇಶಗಳನ್ನು ಒಂದು ಲಾಗ್ ಟೇಬಲ್‌ಗೆ ಇನ್ಸರ್ಟ್ ಮಾಡುತ್ತಾರೆ. ಪೋಸ್ಟ್‌ಗ್ರೆಸ್‌ನಲ್ಲಿ ಇದು ಅರ್ಧ ದಾರಿಯಲ್ಲಿ ಕೈಬಿಡುತ್ತದೆ. ಎರರ್ ಬಂದು ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದರೆ ನಿಮ್ಮ ಲಾಗ್ ಸಾಲುಗಳೂ ಅದರ ಜೊತೆಗೇ ಹೋಗುತ್ತವೆ. ಅವು ಬೇಕಾಗಿದ್ದೇ ಆಗ, ಅಲ್ವಾ? ಮುಖ್ಯ ಟ್ರಾನ್ಸಾಕ್ಷನ್ ರದ್ದಾದರೂ ಉಳಿಯುವ, ಒರಾಕಲ್‌ನಲ್ಲಿರುವ ಆಟಾನಮಸ್ ಟ್ರಾನ್ಸಾಕ್ಷನ್ ಇಲ್ಲಿಲ್ಲ. ಡಿಬಿಲಿಂಕ್ ಮೂಲಕ ಇನ್ನೊಂದು ಕನೆಕ್ಷನ್ ತೆರೆದು ಬರೆಯಬಹುದು, ಆದರೆ ಬರೀ ಡಿಬಗ್ ಮಾಡಲು ಅಷ್ಟು ಕಷ್ಟಪಡುವ ಅಗತ್ಯವಿಲ್ಲ. ರೈಸ್ ಸಂದೇಶಕ್ಕೆ ರೋಲ್‌ಬ್ಯಾಕ್‌ನ ಹಂಗಿಲ್ಲ. ಹೋದದ್ದು ಹೋಯಿತು, ಲಾಗ್‌ನಲ್ಲಿ ಉಳಿಯುತ್ತದೆ. ಉಳಿಯುತ್ತದೆ ಅಂದ ಮೇಲೆ ಗ್ರಾಹಕರ ಫೋನ್ ನಂಬರ್, ಖಾತೆ ನಂಬರ್ ಅದರಲ್ಲಿ ಬರೆಯಬೇಡಿ ಅಂತ ಬೇರೆ ಹೇಳಬೇಕಿಲ್ಲ.

ಎಕ್ಸೆಪ್ಷನ್ ಬ್ಲಾಕ್ ಇರುವ ಫಂಕ್ಷನ್‌ಗಳಲ್ಲಿ ಇನ್ನೊಂದು ತೊಂದರೆ. ವೆನ್ ಅದರ್ಸ್ ಅಂತ ಹಿಡಿದು, ಏನೋ ಒಂದು ಸಂದೇಶ ಕೊಟ್ಟು ಮುಗಿಸಿರುತ್ತಾರೆ. ನಿಜವಾದ ಎರರ್ ಎಲ್ಲಿ ಹುಟ್ಟಿತು ಅಂತ ಯಾರಿಗೂ ತಿಳಿಯದು. ಆ ಬ್ಲಾಕ್ ಒಳಗೆ ಗೆಟ್ ಸ್ಟ್ಯಾಕ್ಡ್ ಡಯಾಗ್ನಾಸ್ಟಿಕ್ಸ್ ಬಳಸಿ, ಎರರ್ ಕೋಡ್, ಸಂದೇಶ, ಪಿಜಿ_ಎಕ್ಸೆಪ್ಷನ್_ಕಾಂಟೆಕ್ಸ್ಟ್ ಮೂರನ್ನೂ ತೆಗೆದು ರೈಸ್ ಮಾಡಿ. ಕಾಂಟೆಕ್ಸ್ಟ್‌ನಲ್ಲಿ ಯಾವ ಫಂಕ್ಷನ್, ಎಷ್ಟನೇ ಸಾಲು ಅಂತ ಇರುತ್ತದೆ. ಆ ಸಾಲು ಸಂಖ್ಯೆ ನಿಮ್ಮ ಫೈಲ್‌ನ ಸಾಲು ಸಂಖ್ಯೆಗೆ ಹೊಂದುವುದಿಲ್ಲ, ಅದು ಫಂಕ್ಷನ್ ಬಾಡಿಯ ಮೊದಲ ಸಾಲಿನಿಂದ ಎಣಿಸಿದ್ದು. ಪಿಎಸ್‌ಕ್ಯೂಎಲ್ ಎಂಬ ಕಮಾಂಡ್ ಲೈನ್ ಟೂಲ್‌ನಲ್ಲಿ ಬ್ಯಾಕ್‌ಸ್ಲಾಶ್ ಎಸ್ಎಫ್ ಪ್ಲಸ್ ಕಮಾಂಡ್ ಕೊಟ್ಟರೆ ಫಂಕ್ಷನ್ ಅದೇ ಲೆಕ್ಕದ ಸಾಲು ಸಂಖ್ಯೆಗಳೊಂದಿಗೆ ಬರುತ್ತದೆ. ಬೆರಳಿಟ್ಟು ಎಣಿಸುವ ಕೆಲಸ ತಪ್ಪಿತು.

ಇದರ ಜೊತೆಗೆ ಪೋಸ್ಟ್‌ಗ್ರೆಸ್ 9.5ನೇ ವರ್ಷನ್‌ನಿಂದ ಅಸರ್ಟ್ ಕೂಡ ಇದೆ. ಶರತ್ತು ಸುಳ್ಳಾದರೆ ಅಲ್ಲೇ ನಿಲ್ಲುತ್ತದೆ, ಬೇಡವಾದ ಕಡೆ ಪಿಎಲ್‌ಪಿಜಿಎಸ್‌ಕ್ಯೂಎಲ್.ಚೆಕ್_ಅಸರ್ಟ್ಸ್ ಆಫ್ ಮಾಡಬಹುದು. ಮೇಲಿನ ಬಿಲ್ ಫಂಕ್ಷನ್‌ನಲ್ಲಿ "ದರ ನಲ್ ಅಲ್ಲ" ಅಂತ ಒಂದು ಅಸರ್ಟ್ ಇದ್ದಿದ್ದರೆ ಖಾಲಿ ಬಿಲ್ ಯಾರಿಗೂ ಹೋಗುತ್ತಿರಲಿಲ್ಲ.

ಪಿಎಲ್‌ಡಿಬಗರ್: ಕೂರಿಸುವುದು, ಬಳಸುವುದು

ಈಗ ಡಿಬಗರ್‌ಗೆ ಬರೋಣ. ಪಿಜಿಅಡ್ಮಿನ್ ಇದ್ದರೆ ಸಾಕು ಅಂದುಕೊಳ್ಳುವವರು ತುಂಬ ಜನ. ಪಿಜಿಅಡ್ಮಿನ್ ಬರೀ ಮುಖ. ಕೆಲಸ ಮಾಡುವ ಯಂತ್ರ ಸರ್ವರ್‌ನಲ್ಲಿರುತ್ತದೆ, ಅದಕ್ಕೆ ಎರಡು ಭಾಗ. ಪ್ಲಗಿನ್_ಡಿಬಗರ್ ಎಂಬ ಲೈಬ್ರರಿ, ಮತ್ತು ಪಿಎಲ್‌ಡಿಬಿಜಿಎಪಿಐ ಎಂಬ ಎಕ್ಸ್‌ಟೆನ್ಷನ್. ಮೊದಲನೆಯದು ಇಡೀ ಸರ್ವರ್‌ಗೆ ಒಂದು, ಎರಡನೆಯದು ಡೇಟಾಬೇಸ್‌ಗೆ ಒಂದೊಂದು.

ವಿಂಡೋಸ್‌ನಲ್ಲಿ ಎಂಟರ್‌ಪ್ರೈಸ್‌ಡಿಬಿಯ ಇನ್‌ಸ್ಟಾಲರ್‌ನಿಂದ ಹಾಕಿದ್ದರೆ ಲೈಬ್ರರಿ ಆಗಲೇ ಇರುತ್ತದೆ. ಉಬುಂಟು, ಡೆಬಿಯನ್‌ನಲ್ಲಿ ಪೋಸ್ಟ್‌ಗ್ರೆಸ್ ಆಪ್ಟ್ ಭಂಡಾರದಿಂದ ಪಿಎಲ್‌ಡಿಬಗರ್ ಪ್ಯಾಕೇಜ್ ಹಾಕಬೇಕು. 16ನೇ ವರ್ಷನ್ ಸರ್ವರ್‌ಗೆ 16ರ ಪ್ಯಾಕೇಜೇ ಆಗಬೇಕು. ಡಾಕರ್‌ನ ಅಧಿಕೃತ ಪೋಸ್ಟ್‌ಗ್ರೆಸ್ ಇಮೇಜ್‌ನಲ್ಲಿ ಇದು ಇರುವುದಿಲ್ಲ. ಡೆಬಿಯನ್ ಆಧಾರದ ಇಮೇಜ್ ತೆಗೆದುಕೊಂಡು, ಡಾಕರ್‌ಫೈಲ್‌ನಲ್ಲಿ ಪ್ಯಾಕೇಜ್ ಸೇರಿಸಿ ನಿಮ್ಮದೇ ಇಮೇಜ್ ಮಾಡಿಕೊಳ್ಳಿ. ಡಿಬಗ್‌ಗೆ ಅಂತಲೇ ಇಂಥದ್ದೊಂದು ಇಟ್ಟುಕೊಳ್ಳುವುದು ನನಗೆ ಎಲ್ಲಕ್ಕಿಂತ ಸರಿ ಅನ್ನಿಸುತ್ತದೆ. ಎಷ್ಟು ಸಲ ಬೇಕಾದರೂ ಕೆಡವಿ ಕಟ್ಟಬಹುದು, ಯಾರ ಅಪ್ಪಣೆಯೂ ಬೇಡ.

ಆಮೇಲೆ ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್ ಫೈಲ್‌ನಲ್ಲಿ ಶೇರ್ಡ್_ಪ್ರೀಲೋಡ್_ಲೈಬ್ರರೀಸ್ ಸಾಲಿಗೆ ಪ್ಲಗಿನ್_ಡಿಬಗರ್ ಸೇರಿಸಿ. ಅಲ್ಲಿ ಈಗಾಗಲೇ ಪಿಜಿ_ಸ್ಟ್ಯಾಟ್_ಸ್ಟೇಟ್‌ಮೆಂಟ್ಸ್ ತರದ್ದು ಇದ್ದರೆ ಅಳಿಸಬೇಡಿ, ಕಾಮಾ ಹಾಕಿ ಸೇರಿಸಿ. ಸರ್ವರ್ ರೀಸ್ಟಾರ್ಟ್ ಮಾಡಿ. ರೀಲೋಡ್ ಸಾಲದು. ಶೋ ಕಮಾಂಡ್‌ನಿಂದ ಸೆಟ್ಟಿಂಗ್ ಬಂದಿದೆಯಾ ನೋಡಿ, ನಿಮ್ಮ ಡೇಟಾಬೇಸ್‌ಗೆ ಹೋಗಿ ಕ್ರಿಯೇಟ್ ಎಕ್ಸ್‌ಟೆನ್ಷನ್ ಪಿಎಲ್‌ಡಿಬಿಜಿಎಪಿಐ ಕೊಡಿ.

ಇಲ್ಲೊಂದು ಗುಂಡಿ ಇದೆ. ಫೈಲ್ ತೆರೆಯುವ ಬದಲು ಆಲ್ಟರ್ ಸಿಸ್ಟಮ್ ಸೆಟ್ ಬಳಸುವವರು, ಎರಡು ಲೈಬ್ರರಿಗಳನ್ನು ಕಾಮಾ ಸಮೇತ ಒಂದೇ ಜೋಡಿ ಕೋಟ್ ಒಳಗೆ ಬರೆಯುತ್ತಾರೆ. ಪೋಸ್ಟ್‌ಗ್ರೆಸ್ ಆ ಇಡೀ ಸಾಲನ್ನು ಒಂದೇ ಲೈಬ್ರರಿಯ ಹೆಸರು ಅಂತ ತಿಳಿಯುತ್ತದೆ. ಅಂಥ ಫೈಲ್ ಎಲ್ಲೂ ಇಲ್ಲ, ಹಾಗಾಗಿ ರೀಸ್ಟಾರ್ಟ್ ಮಾಡಿದರೆ ಸರ್ವರ್ ಮೇಲೇಳುವುದೇ ಇಲ್ಲ. ಒಂದೊಂದು ಹೆಸರಿಗೂ ಬೇರೆ ಬೇರೆ ಕೋಟ್ ಹಾಕಿ ನಡುವೆ ಕಾಮಾ ಕೊಡಬೇಕು. ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಡೇಟಾ ಡೈರೆಕ್ಟರಿಯ ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್ ಫೈಲನ್ನು ಕೈಯಿಂದಲೇ ತಿದ್ದಿ ಸರ್ವರ್ ಎಬ್ಬಿಸಿ.

ಚೆಕ್ ಎಕ್ಸ್‌ಟೆನ್ಷನ್ ಅನ್ನೂ ಪ್ರೀಲೋಡ್ ಮಾಡುವುದಾದರೆ ಕ್ರಮ ಮುಖ್ಯ. ಮೊದಲು ಪ್ಲಗಿನ್_ಡಿಬಗರ್, ಆಮೇಲೆ ಪಿಎಲ್‌ಪಿಜಿಎಸ್‌ಕ್ಯೂಎಲ್, ಕೊನೆಗೆ ಪಿಎಲ್‌ಪಿಜಿಎಸ್‌ಕ್ಯೂಎಲ್_ಚೆಕ್. ಡಿಬಗರ್‌ಗೆ ಭಾಷೆಯ ಡಿಬಗ್ ಕೊಂಡಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳಲು ಬರುವುದಿಲ್ಲ. ಚೆಕ್‌ಗೆ ಬರುತ್ತದೆ. ಅದಕ್ಕೇ ಚೆಕ್ ಹಿಂದೆ ಬರಬೇಕು.

ಈಗ ಪಿಜಿಅಡ್ಮಿನ್‌ನಲ್ಲಿ ಫಂಕ್ಷನ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಡಿಬಗಿಂಗ್ ಮೆನು. ಅದರೊಳಗೆ ಎರಡು ಆಯ್ಕೆ, ಡಿಬಗ್ ಮತ್ತು ಸೆಟ್ ಬ್ರೇಕ್‌ಪಾಯಿಂಟ್. ಇವೆರಡರ ವ್ಯತ್ಯಾಸ ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಡಿಬಗ್ ಒತ್ತಿದರೆ ಆರ್ಗ್ಯುಮೆಂಟ್‌ಗಳ ಪಟ್ಟಿ ಕೇಳುತ್ತದೆ. ಬೆಲೆ ತುಂಬಿದರೆ ಫಂಕ್ಷನ್ ಶುರುವಾಗಿ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಸ್ಟೆಪ್ ಓವರ್ ಒತ್ತಿದರೆ ಮುಂದಿನ ಸಾಲು. ಸ್ಟೆಪ್ ಇಂಟು ಒತ್ತಿದರೆ ಒಳಗೆ ಕರೆದ ಇನ್ನೊಂದು ಫಂಕ್ಷನ್ ಒಳಕ್ಕೆ. ಕೆಳಗೆ ಲೋಕಲ್ ವೇರಿಯಬಲ್ಸ್, ಪ್ಯಾರಾಮೀಟರ್ಸ್, ಸ್ಟ್ಯಾಕ್, ಮೆಸೇಜಸ್ ಎಂಬ ಹಾಳೆಗಳು. ನಿಂತ ಕಡೆ ವೇರಿಯಬಲ್ ಬೆಲೆಯನ್ನು ಬದಲಿಸಲೂಬಹುದು. ದರ ನಲ್ ಬಂದ ಕಡೆ 7.5 ಅಂತ ಬರೆದು ಮುಂದೆ ಒತ್ತಿ, ಉಳಿದ ಲೆಕ್ಕ ಸರಿ ಬರುತ್ತದಾ ನೋಡಬಹುದು. ರೈಸ್‌ನಲ್ಲಿ ಇದು ಸಾಧ್ಯವೇ ಇಲ್ಲ. ನೆನಪಿರಲಿ, ಇದು ನಾಟಕದ ರಿಹರ್ಸಲ್ ಅಲ್ಲ. ಫಂಕ್ಷನ್ ನಿಜವಾಗಿ ಓಡುತ್ತಿದೆ, ಅದು ಮಾಡುವ ಅಪ್‌ಡೇಟ್ ನಿಜವಾದ ಅಪ್‌ಡೇಟ್.

ಸೆಟ್ ಬ್ರೇಕ್‌ಪಾಯಿಂಟ್ ಇನ್ನೊಂದು ತರ. ಇದು ಫಂಕ್ಷನ್ ಓಡಿಸುವುದಿಲ್ಲ, ಬಲೆ ಹಾಕಿ ಕಾಯುತ್ತದೆ. ಬೇರೆ ಯಾವ ಸೆಷನ್ ಆ ಫಂಕ್ಷನ್ ಕರೆದರೂ ಹಿಡಿದು ನಿಲ್ಲಿಸುತ್ತದೆ. ಟ್ರಿಗರ್ ಫಂಕ್ಷನ್‌ಗೆ ಇದೇ ದಾರಿ, ಅದನ್ನು ನೇರವಾಗಿ ಕರೆಯಲು ಬರುವುದಿಲ್ಲವಲ್ಲ. ಆಪ್ ಯಾವ ಬೆಲೆ ಕಳಿಸುತ್ತಿದೆ ಅನ್ನುವುದೇ ಅನುಮಾನ ಇದ್ದಾಗಲೂ ಇದೇ. ಇದಕ್ಕೆ ಸೂಪರ್‌ಯೂಸರ್ (ಸರ್ವರ್‌ನ ಎಲ್ಲ ಅಧಿಕಾರ ಇರುವ ಬಳಕೆದಾರ) ಆಗಿರಬೇಕು. ಡೇಟಾ ಕೆಡದಂತೆ ಡಿಬಗ್ ಮಾಡುವ ಉಪಾಯವೂ ಇಲ್ಲೇ ಇದೆ. ಬ್ರೇಕ್‌ಪಾಯಿಂಟ್ ಹಾಕಿ, ಇನ್ನೊಂದು ಕ್ವೆರಿ ವಿಂಡೋದಲ್ಲಿ ಬಿಗಿನ್ ಕೊಟ್ಟು, ಫಂಕ್ಷನ್ ಕರೆಯಿರಿ. ಡಿಬಗರ್ ಹಿಡಿಯುತ್ತದೆ. ನೋಡಿ ಮುಗಿದ ಮೇಲೆ ಆ ವಿಂಡೋದಲ್ಲಿ ರೋಲ್‌ಬ್ಯಾಕ್. ನನ್ನ ಕೇಳಿದರೆ, ಅಪ್‌ಡೇಟ್ ಡಿಲೀಟ್ ಇರುವ ಫಂಕ್ಷನ್‌ಗೆ ಯಾವಾಗಲೂ ಹೀಗೇ ಮಾಡಿ.

ಬೆಲೆ ತೆರಬೇಕಾದದ್ದೂ ಇಲ್ಲೇ. ನೀವು ಸಾಲಿನ ಮೇಲೆ ನಿಂತು ಯೋಚಿಸುತ್ತಾ ಟೀ ಕುಡಿಯುವಷ್ಟು ಹೊತ್ತೂ ಟ್ರಾನ್ಸಾಕ್ಷನ್ ತೆರೆದಿರುತ್ತದೆ. ಅಷ್ಟರಲ್ಲಿ ಅಪ್‌ಡೇಟ್ ಆದ ಸಾಲುಗಳ ಲಾಕ್ ಬಿಡುವುದಿಲ್ಲ. ಅದೇ ಸಾಲು ಬದಲಿಸಲು ಬಂದವರೆಲ್ಲ ಕಾಯುತ್ತಾರೆ. ಟೀಮ್ ಪೂರ್ತಿ ಬಳಸುವ ಡೆವಲಪ್‌ಮೆಂಟ್ ಸರ್ವರ್‌ನಲ್ಲಿ ಬ್ರೇಕ್‌ಪಾಯಿಂಟ್ ಹಾಕಿ ಊಟಕ್ಕೆ ಹೋದರೆ, ಬಲೆಗೆ ಬೀಳುವುದು ಪಕ್ಕದ ಟೇಬಲ್‌ನವರ ಆಪ್. "ಡೇಟಾಬೇಸ್ ಹ್ಯಾಂಗ್ ಆಗಿದೆ" ಅಂತ ಗಲಾಟೆ ಎದ್ದಾಗ ಪಿಜಿ_ಸ್ಟ್ಯಾಟ್_ಆಕ್ಟಿವಿಟಿಯಲ್ಲಿ ನಿಮ್ಮದೇ ಹೆಸರು ಕಾಣುತ್ತದೆ. ಪ್ರೊಡಕ್ಷನ್‌ನಲ್ಲಂತೂ ಈ ಲೈಬ್ರರಿ ಪ್ರೀಲೋಡ್ ಆಗಿಯೂ ಇರಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಕನೆಕ್ಷನ್ ವಿಚಾರ. ಡಿಬಗರ್‌ಗೆ ಎರಡು ಸೆಷನ್ ಬೇಕು, ಒಂದು ಓಡುವುದಕ್ಕೆ, ಒಂದು ನಿಯಂತ್ರಿಸುವುದಕ್ಕೆ. ಎರಡೂ ಕೊನೆಯವರೆಗೂ ಅಲುಗದೆ ಇರಬೇಕು. ನಡುವೆ ಕನೆಕ್ಷನ್‌ಗಳನ್ನು ಹಂಚುವ ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡ್‌ನಲ್ಲಿ ಕೂತಿದ್ದರೆ ಇದು ಗೋಜಲಾಗುತ್ತದೆ. ಅದರ ಪೋರ್ಟ್ 6432 ಬಿಟ್ಟು ನೇರವಾಗಿ ಸರ್ವರ್‌ನ 5432ಕ್ಕೆ ಹೋಗಿ.

ಪಿಜಿಅಡ್ಮಿನ್ ಬದಲು ಡಿಬೀವರ್‌ನಲ್ಲೂ ಪೋಸ್ಟ್‌ಗ್ರೆಸ್ ಡಿಬಗ್ ಮಾಡಬಹುದು, ಅದಕ್ಕೆ ಡಿಬಗರ್ ಭಾಗವನ್ನು ಬೇರೆ ಸೇರಿಸಿಕೊಳ್ಳಬೇಕಾಗಬಹುದು. ನ್ಯಾವಿಕ್ಯಾಟ್‌ನಲ್ಲೂ ಇದೆ. ಸರ್ವರ್ ಕಡೆಯ ಕೆಲಸ ಮಾತ್ರ ಎಲ್ಲಕ್ಕೂ ಒಂದೇ, ಅದೇ ಪಿಎಲ್‌ಡಿಬಿಜಿಎಪಿಐ. ಆದ್ದರಿಂದ ಯಾವ ಮುಖ ಅನ್ನುವುದು ರುಚಿಯ ಮಾತು. ಈಗಾಗಲೇ ಯಾವುದರಲ್ಲಿ ಕೆಲಸ ಮಾಡುತ್ತಿದ್ದೀರೋ ಅದರಲ್ಲೇ ಇರಿ. ಹೊಸಬರಾದರೆ ಪಿಜಿಅಡ್ಮಿನ್ ಸಾಕು. ಯಾವ ಮುಖ ಆದರೂ ಒಂದು ಮಿತಿ ಬದಲಾಗದು. ಪಿಎಲ್/ಪಿಜಿಎಸ್‌ಕ್ಯೂಎಲ್ ಮಾತ್ರ. ಬರೀ ಎಸ್‌ಕ್ಯೂಎಲ್ ಭಾಷೆಯ ಫಂಕ್ಷನ್, ಪಿಎಲ್‌ಪೈಥಾನ್ ಫಂಕ್ಷನ್ ಇದರ ಕೈಗೆ ಸಿಗುವುದಿಲ್ಲ.

ಕ್ಲೌಡ್‌ನವರ ಸರ್ವರ್ ಆದರೆ

ಕ್ಲೌಡ್ ಕಂಪನಿಗಳು ನಡೆಸಿಕೊಡುವ ಪೋಸ್ಟ್‌ಗ್ರೆಸ್‌ನಲ್ಲಿ ನಿಮಗೆ ನಿಜವಾದ ಸೂಪರ್‌ಯೂಸರ್ ಸಿಗುವುದಿಲ್ಲ. ಅಮೆಜಾನ್ ಆರ್‌ಡಿಎಸ್‌ನ ಆರ್‌ಡಿಎಸ್_ಸೂಪರ್‌ಯೂಸರ್ ಹೆಸರಿಗೆ ಹಾಗಿದ್ದರೂ ಪೂರ್ತಿ ಅಧಿಕಾರದ್ದಲ್ಲ. ಮೊದಲು ಪಿಜಿ_ಅವೈಲಬಲ್_ಎಕ್ಸ್‌ಟೆನ್ಷನ್ಸ್ ವ್ಯೂ ನೋಡಿ. ಪಿಎಲ್‌ಡಿಬಿಜಿಎಪಿಐ ಅಲ್ಲಿ ಇಲ್ಲದಿದ್ದರೆ ಆ ಬಾಗಿಲು ಮುಚ್ಚಿತು, ಟಿಕೆಟ್ ಹಾಕಿ ಕಾಯುವುದು ವ್ಯರ್ಥ. ಸ್ಕೀಮಾ ಮತ್ತು ಬೇಕಾದ ಟೇಬಲ್‌ಗಳನ್ನು ಪಿಜಿ_ಡಂಪ್‌ನಿಂದ ಇಳಿಸಿಕೊಂಡು, ಮೇಲೆ ಹೇಳಿದ ಡಾಕರ್ ಇಮೇಜ್‌ನಲ್ಲಿ ಡಿಬಗ್ ಮಾಡಿ. ಅಲ್ಲಿನ ವರ್ಷನ್‌ಗೂ ಇಲ್ಲಿನ ವರ್ಷನ್‌ಗೂ ಹೊಂದಿರಲಿ. ಬಗ್ ಅಲ್ಲಿಯ ಡೇಟಾದಲ್ಲೇ ಇದ್ದು ಇಳಿಸಿಕೊಳ್ಳಲು ಆಗದಿದ್ದರೆ ಉಳಿಯುವುದು ರೈಸ್ ಲಾಗ್ ಒಂದೇ.

ತಪ್ಪು ಇಲ್ಲ, ನಿಧಾನ ಇದೆ ಅಂದರೆ

ಉತ್ತರ ಸರಿ ಬರುತ್ತಿದೆ, ಆದರೆ ಹೊತ್ತು ಹಿಡಿಯುತ್ತಿದೆ ಅನ್ನುವವರು ಡಿಬಗರ್ ತೆರೆಯಲೇಬೇಡಿ. ನಿಂತು ನಿಂತು ನಡೆದರೆ ವೇಗ ಅಳೆಯಲಾಗದು. ಟ್ರ್ಯಾಕ್_ಫಂಕ್ಷನ್ಸ್ ಅನ್ನು ಪಿಎಲ್ ಮಾಡಿದರೆ ಪಿಜಿ_ಸ್ಟ್ಯಾಟ್_ಯೂಸರ್_ಫಂಕ್ಷನ್ಸ್‌ನಲ್ಲಿ ಯಾವ ಫಂಕ್ಷನ್‌ಗೆ ಎಷ್ಟು ಕರೆ, ಎಷ್ಟು ಸಮಯ ಅಂತ ಸಿಗುತ್ತದೆ. ಆಟೋ_ಎಕ್ಸ್‌ಪ್ಲೇನ್‌ನಲ್ಲಿ ಲಾಗ್_ನೆಸ್ಟೆಡ್_ಸ್ಟೇಟ್‌ಮೆಂಟ್ಸ್ ಆನ್ ಮಾಡಿದರೆ ಫಂಕ್ಷನ್ ಒಳಗಿನ ಕ್ವೆರಿಗಳ ಪ್ಲಾನ್ ಲಾಗ್‌ಗೆ ಬರುತ್ತದೆ. ಚೆಕ್ ಎಕ್ಸ್‌ಟೆನ್ಷನ್‌ನಲ್ಲೇ ಸಾಲುವಾರು ಸಮಯ ತೋರಿಸುವ ಪ್ರೊಫೈಲರ್ ಕೂಡ ಇದೆ.

ಬೇರೆ ಡೇಟಾಬೇಸ್‌ನಿಂದ ಬಂದವರಿಗೆ

ಒರಾಕಲ್‌ನಿಂದ ಬಂದವರಿಗೆ ಎಸ್‌ಕ್ಯೂಎಲ್ ಡೆವಲಪರ್‌ನ ಡಿಬಗರ್ ಗೊತ್ತಿರುತ್ತದೆ. ಅಲ್ಲಿ ಸರ್ವರ್ ತಿರುಗಿ ನಿಮ್ಮ ಕಂಪ್ಯೂಟರ್‌ಗೇ ಕನೆಕ್ಟ್ ಆಗುತ್ತದೆ, ಹಾಗಾಗಿ ಫೈರ್‌ವಾಲ್, ಎಸಿಎಲ್ ಜಗಳ ಜಾಸ್ತಿ. ಪೋಸ್ಟ್‌ಗ್ರೆಸ್‌ನಲ್ಲಿ ಆ ತಂಟೆ ಇಲ್ಲ. ಎಸ್‌ಕ್ಯೂಎಲ್ ಸರ್ವರ್‌ನವರಿಗೆ ಮ್ಯಾನೇಜ್‌ಮೆಂಟ್ ಸ್ಟುಡಿಯೋದ 18ನೇ ವರ್ಷನ್‌ನಿಂದ ಡಿಬಗರ್ ತೆಗೆದುಹಾಕಲಾಗಿದೆ, ವಿಷುಯಲ್ ಸ್ಟುಡಿಯೋ ಮೂಲಕ ಹೋಗಬೇಕು. ಮೈಎಸ್‌ಕ್ಯೂಎಲ್‌ನವರಿಗೆ ಸರ್ವರ್‌ನಲ್ಲೇ ಇಂಥ ಸೌಲಭ್ಯ ಇಲ್ಲದ್ದರಿಂದ, ಇಲ್ಲಿಗೆ ಬಂದರೆ ಹಬ್ಬ.

ಹಾಗಾದರೆ ನಿಮಗೆ ಯಾವುದು?

ಫಂಕ್ಷನ್‌ಗಳು ಐವತ್ತು ಸಾಲಿನ ಒಳಗಿದ್ದು ಲೆಕ್ಕ ನೇರವಾಗಿದ್ದರೆ ಡಿಬಗರ್ ಕೂರಿಸುವ ಗೋಜಿಗೇ ಹೋಗಬೇಡಿ. ಚೆಕ್, ಸ್ಟ್ರಿಕ್ಟ್, ನಾಲ್ಕು ರೈಸ್ ಡಿಬಗ್ ಸಾಕು. ಬೇರೆಯವರು ಬರೆದು ಬಿಟ್ಟುಹೋದ, ಒಂದರೊಳಗೊಂದು ಕರೆಯುವ, ಎಂಟುನೂರು ಸಾಲಿನ ಫಂಕ್ಷನ್ ಕೈಗೆ ಬಂದಿದ್ದರೆ ಮೊದಲ ದಿನವೇ ಡಿಬಗರ್ ಕೂರಿಸಿ. ಬಗ್ ಇಲ್ಲದಿದ್ದರೂ ಕೂರಿಸಿ. ಅಂಥ ಕೋಡ್ ಓದಿ ತಿಳಿಯುವುದಕ್ಕಿಂತ ಎರಡು ಸಲ ನಡೆಸಿ ತಿಳಿಯುವುದು ಬೇಗ. ಟ್ರಿಗರ್ ಮೇಲೆ ಟ್ರಿಗರ್ ಕಟ್ಟಿದ ಡೇಟಾಬೇಸ್ ಆದರೆ, ಯಾವುದು ಯಾವುದನ್ನು ಎಬ್ಬಿಸುತ್ತಿದೆ ಅಂತ ಸ್ಟ್ಯಾಕ್ ಹಾಳೆಯಲ್ಲಿ ನೋಡುವುದೇ ಒಂದು ದೊಡ್ಡ ಅನುಕೂಲ. ಬಗ್ ಪ್ರೊಡಕ್ಷನ್‌ನಲ್ಲಿ ಮಾತ್ರ, ಯಾವಾಗಲೋ ಒಮ್ಮೆ ಬರುತ್ತದೆ ಅಂದರೆ ಡಿಬಗರ್ ನಿಷ್ಪ್ರಯೋಜಕ. ಅಲ್ಲಿ ರೈಸ್ ಲಾಗ್ ಮತ್ತು ಸ್ಟ್ಯಾಕ್ಡ್ ಡಯಾಗ್ನಾಸ್ಟಿಕ್ಸ್ ಹಾಕಿ, ಅದು ತಾನಾಗಿ ಮತ್ತೆ ಬರುವವರೆಗೆ ಕಾಯಬೇಕು.

ಡಿಬಗರ್ ಕೂರಿಸಿದವರು ಸರ್ವರ್ ಅಪ್‌ಗ್ರೇಡ್ ದಿನ ಒಂದು ವಿಷಯ ನೋಡಿಕೊಳ್ಳಿ. 16ರಿಂದ 17ಕ್ಕೆ ಹೋಗುವಾಗ 17ರ ಪಿಎಲ್‌ಡಿಬಗರ್ ಪ್ಯಾಕೇಜ್ ಕೂಡ ಹಾಕಬೇಕು. ಇಲ್ಲದಿದ್ದರೆ ಪಿಜಿ_ಅಪ್‌ಗ್ರೇಡ್ ಲೈಬ್ರರಿ ಸಿಗಲಿಲ್ಲ ಅಂತ ತಪಾಸಣೆಯಲ್ಲೇ ನಿಲ್ಲುತ್ತದೆ. ಇನ್ನು ಬೇಡ ಅನ್ನಿಸಿದ್ದರೆ, ಮೊದಲು ಎಲ್ಲ ಡೇಟಾಬೇಸ್‌ಗಳಲ್ಲೂ ಎಕ್ಸ್‌ಟೆನ್ಷನ್ ಡ್ರಾಪ್ ಮಾಡಿ, ಆಮೇಲೆ ಪ್ರೀಲೋಡ್ ಸಾಲಿನಿಂದ ಹೆಸರು ತೆಗೆದು ರೀಸ್ಟಾರ್ಟ್ ಮಾಡಿ, ಪ್ಯಾಕೇಜನ್ನು ಎಲ್ಲಕ್ಕಿಂತ ಕೊನೆಗೆ ಕಿತ್ತುಹಾಕಿ. ಪ್ಯಾಕೇಜ್ ಮೊದಲು ಕಿತ್ತು ಸಾಲು ಹಾಗೇ ಬಿಟ್ಟರೆ ಮುಂದಿನ ರೀಸ್ಟಾರ್ಟ್‌ಗೆ ಸರ್ವರ್ ಏಳುವುದಿಲ್ಲ.